ಗಳಿಕೆ ಒಬ್ಬರದು, ಲೆಕ್ಕ ಇಬ್ಬರದು

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಎರಡನೆಯ ಮಗು ಹುಟ್ಟಿದ ಮೇಲೆ ನೀನು ಕೆಲಸ ಬಿಟ್ಟ ಸಂಗತಿ ನಿನ್ನ ಅಮ್ಮ ಹೇಳಿದಳು. ಇನ್ನು ಕೆಲವು ವರ್ಷ ಅಳಿಯಂದಿರ ಸಂಬಳವೊಂದರಲ್ಲೇ ಸಂಸಾರ ನಡೆಯಬೇಕು. ಅದಕ್ಕೆ ಹೆದರಬೇಡ. ಆದರೆ "ದುಡ್ಡಿನ ವಿಷಯ ಎಲ್ಲ ಅವರಿಗೇ ಬಿಟ್ಟಿದ್ದೇನೆ" ಎಂದೆಯಂತೆ. ಅದನ್ನು ಮಾತ್ರ ನಾನು ಒಪ್ಪಲಾರೆ. ಗಳಿಸುವವರು ಒಬ್ಬರೇ ಇರುವ ಮನೆಯಲ್ಲಿ ಲೆಕ್ಕ ಇಬ್ಬರಿಗೂ ಗೊತ್ತಿರಲೇಬೇಕು.

ಬಾಡಿಗೆ, ದಿನಸಿ, ಹಾಲು, ಗ್ಯಾಸು ಪ್ರತಿ ತಿಂಗಳೂ ಬರುವಂಥವು. ಅವನ್ನು ಹೇಗೋ ಹೊಂದಿಸಿಕೊಳ್ಳುತ್ತೇವೆ. ಸಂಸಾರವನ್ನು ಅಲ್ಲಾಡಿಸುವುದು ವರ್ಷಕ್ಕೊಮ್ಮೆ ಬರುವ ಖರ್ಚು. ಅದನ್ನು ಈಗಲೇ ಕೂತು ಬರೆ. ಶಾಲೆಯ ಫೀಸು 36,000, ಪುಸ್ತಕ-ಸಮವಸ್ತ್ರ 6,000, ಸ್ಕೂಟರಿನ ವಿಮೆ ಮತ್ತು ಸರ್ವೀಸು 4,000, ಗೌರಿ-ಗಣೇಶ, ದಸರಾ, ದೀಪಾವಳಿ 8,000, ಮದುವೆ-ಮುಂಜಿಗಳ ಮುಯ್ಯಿ ಮತ್ತು ಊರಿನ ಓಡಾಟ 6,000 ಎಂದುಕೊಂಡರೆ ಒಟ್ಟು 60,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 5,000. ಸಂಬಳ ಬಂದ ದಿನವೇ ಅಷ್ಟನ್ನು ಬೇರೆ ಖಾತೆಗೆ ಹಾಕಿಬಿಡು. ಆಮೇಲೆ ಜೂನ್ ತಿಂಗಳಲ್ಲಿ ಒಡವೆ ಅಡವಿಡುವ ಪ್ರಸಂಗ ಬರುವುದಿಲ್ಲ.

ಎರಡು ಸಂಬಳದ ಮನೆಯಲ್ಲಿ ಒಂದು ನಿಂತರೆ ಇನ್ನೊಂದು ಇರುತ್ತದೆ. ನಿಮಗೆ ಆ ಆಸರೆಯಿಲ್ಲ. ಆದ್ದರಿಂದ ಕನಿಷ್ಠ ಆರು ತಿಂಗಳ ಮನೆಖರ್ಚು ಬೇಕೆಂದಾಗ ಕೈಗೆ ಸಿಗುವಂತೆ ಬ್ಯಾಂಕಿನಲ್ಲಿರಲಿ. ಒಮ್ಮೆಗೇ ಆಗದು; ಎರಡು ವರ್ಷ ಹಿಡಿದರೂ ಚಿಂತೆಯಿಲ್ಲ. ಚೂರು ಹೆಚ್ಚು ಬಡ್ಡಿ ಕೊಡುತ್ತಾರೆಂದು ಈ ದುಡ್ಡನ್ನು ಯಾವುದೋ ಪತ್ತಿನ ಸಹಕಾರ ಸಂಘದಲ್ಲಿ ಇಡಬೇಡ. ಬ್ಯಾಂಕು ಮುಳುಗಿದರೆ 5 ಲಕ್ಷ ರೂಪಾಯಿವರೆಗಿನ ಠೇವಣಿಗೆ ವಿಮೆಯ ರಕ್ಷಣೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ, ಪತ್ತಿನ ಸಂಘಗಳಿಗೆ ಇಲ್ಲ.

ಇನ್ನು ಬಾಯಿಬಿಟ್ಟು ಆಡಲು ಹಿಂಜರಿಯುವ ಮಾತು. ಅಳಿಯಂದಿರ ಹೆಸರಿನಲ್ಲಿ ಟರ್ಮ್ ವಿಮೆ ಇದೆಯೇ ಕೇಳು. ಕಂಪನಿಯವರು ಮಾಡಿಸಿದ ವಿಮೆ ಸಾಮಾನ್ಯವಾಗಿ ಕೆಲಸ ಬಿಟ್ಟ ದಿನಕ್ಕೇ ಮುಗಿಯುತ್ತದೆ; ಅದನ್ನೇ ನೆಚ್ಚಬೇಡಿ. ಸದ್ಯಕ್ಕೆ ದೊಡ್ಡ ಕಂತು ಕಟ್ಟಲು ಆಗದಿದ್ದರೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯಾದರೂ ಇರಲಿ: ವರ್ಷಕ್ಕೆ 436 ರೂಪಾಯಿ, 2 ಲಕ್ಷದ ವಿಮೆ. ಅಪಘಾತಕ್ಕೆ ಸುರಕ್ಷಾ ವಿಮೆ ವರ್ಷಕ್ಕೆ 20 ರೂಪಾಯಿ. 2 ಲಕ್ಷದಲ್ಲಿ ಒಂದು ಸಂಸಾರ ಬಹಳ ದಿನ ನಡೆಯದು, ಇದು ಆರಂಭ ಮಾತ್ರ. ಇದೆಲ್ಲ ಆದ ಮೇಲೆ ಮಗಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆ. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ಜೀವಂತವಾಗಿರುತ್ತದೆ. ಕೈ ಸಡಿಲವಾದಾಗ ಹೆಚ್ಚು ಹಾಕಬಹುದು.

ಕ್ರೆಡಿಟ್ ಕಾರ್ಡಿನಲ್ಲಿ ‘ಕನಿಷ್ಠ ಮೊತ್ತ’ ಕಟ್ಟಿ ನೆಮ್ಮದಿಯಾಗಿರುವ ಅಭ್ಯಾಸ ಬೇಡ. ಉಳಿದ ಬಾಕಿಯ ಮೇಲೆ ಬಹಳಷ್ಟು ಕಾರ್ಡುಗಳ ಬಡ್ಡಿ ತಿಂಗಳಿಗೇ ಶೇ. 3ಕ್ಕಿಂತ ಹೆಚ್ಚು, ಅಂದರೆ ವರ್ಷಕ್ಕೆ ಶೇ. 36ನ್ನು ದಾಟುತ್ತದೆ. ಯಾವ ಠೇವಣಿಯೂ ಅಷ್ಟು ಕೊಡುವುದಿಲ್ಲ. ಹಾಗಾಗಿ ಉಳಿತಾಯಕ್ಕೂ ಮೊದಲು ಆ ಸಾಲ ತೀರಲಿ.

ಖರ್ಚಿಗೆ ದುಡ್ಡು ಕೇಳುವಾಗ ಸಂಕೋಚವಾಗುತ್ತದೆ ಎಂದೂ ನೀನು ಹೇಳಿದೆಯಂತೆ. ಯಾಕೆ ಸಂಕೋಚ? ನೀನು ಮಕ್ಕಳನ್ನು ನೋಡಿಕೊಳ್ಳುತ್ತಿರುವುದರಿಂದಲೇ ಅವರು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುತ್ತಿದ್ದಾರೆ. ಆ ಸಂಬಳದಲ್ಲಿ ನಿನ್ನ ದುಡಿಮೆಯೂ ಸೇರಿದೆ. ನಿನ್ನದೇ ಖಾತೆಗೆ ತಿಂಗಳಿಗಿಷ್ಟು ಎಂದು ಹಣ ಬರುವಂತೆ ಇಬ್ಬರೂ ಮಾತಾಡಿಕೊಳ್ಳಿ.

ಈ ಭಾನುವಾರ ಮಕ್ಕಳು ಮಲಗಿದ ಮೇಲೆ ಇಬ್ಬರೂ ಕೂತುಕೊಳ್ಳಿ. ಬ್ಯಾಂಕಿನ ಪಾಸ್‌ಬುಕ್, ಪಿಎಫ್, ವಿಮೆಯ ಪತ್ರ ಎಲ್ಲ ತೆಗೆದು, ನಾಮಿನಿ ಹೆಸರು ಎಲ್ಲೆಲ್ಲಿ ಯಾರದಿದೆ ನೋಡಿ. ಮದುವೆಗೆ ಮುಂಚೆ ತೆರೆದ ಖಾತೆಗಳನ್ನು ಮೊದಲು ನೋಡಿ; ಅಲ್ಲಿ ಹಳೆಯ ಹೆಸರೇ ಉಳಿದಿರಬಹುದು. ಯಾವುದು ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಬರೆದಾದ ಮೇಲೆ ನನಗೊಂದು ಫೋನ್ ಮಾಡು.

ಇತಿ,
ನಿನ್ನ ದೊಡ್ಡಮ್ಮ