ಶೇಕಡಾ ಚಿಹ್ನೆ ಕಲಿಸಿದ್ದು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಸಹಕಾರ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಹುಡುಕಾಟಕ್ಕೆ ಐಲೈಕ್ ಇಟ್ಟಿದ್ದೇನೆ. ಇಂಗ್ಲಿಷ್ ಹೆಸರನ್ನು ದೊಡ್ಡಕ್ಷರದಲ್ಲಿ ಹೊಡೆದರೂ ಸಣ್ಣಕ್ಷರದಲ್ಲಿ ಹೊಡೆದರೂ ಸಿಗುತ್ತದೆ.

1. ಗಿರಾಕಿ ಹೊಡೆದದ್ದು ಬರೀ ಪಠ್ಯ, ಆಜ್ಞೆಯಲ್ಲ. ಅಡಿಕೆಗೆ ಕೊಳೆಔಷಧಿ ಹೊಡೆಯುವ ಮಳೆಗಾಲ. ಸಂಘದ ಕೌಂಟರಿನಲ್ಲಿ ಸಾಲು. ಕಾಪರ್ ಆಕ್ಸಿಕ್ಲೋರೈಡ್ ಬೇಕಿತ್ತು, ಗುಮಾಸ್ತರು ‘50%’ ಎಂದು ಹುಡುಕಿದರು. ಬಂದದ್ದು 500 ಗ್ರಾಂ ಪೊಟ್ಟಣ, 250 ಮಿಲಿ ಬಾಟಲಿ, 50 ಕೆಜಿ ಗೊಬ್ಬರದ ಚೀಲ. ಡೇಟಾಬೇಸಿಗೆ % ಎಂದರೆ ‘ಏನಾದರೂ, ಎಷ್ಟಾದರೂ’. ತಪ್ಪು ನನ್ನದು, ಅವರದಲ್ಲ.

2. ಪ್ಯಾರಾಮೀಟರ್ ಬಳಸಿದೆ, ಇನ್ನು ಭಯವಿಲ್ಲ ಎಂದುಕೊಂಡಿದ್ದೆ. ಅದು ಉದ್ಧರಣ ಚಿಹ್ನೆಯ ಅಪಾಯವನ್ನು ತಡೆಯುತ್ತದೆ. % ಮತ್ತು _ (ಯಾವುದಾದರೂ ಒಂದು ಸಂಕೇತ) ಹಾಗೇ ಒಳಗೆ ಹೋಗುತ್ತವೆ.

3. ಬ್ಯಾಕ್‌ಸ್ಲ್ಯಾಶ್ ಸುಮ್ಮನೆ ಕೂರುವುದಿಲ್ಲ. ಪಹಣಿಯ 45/2 ಅನ್ನು ಅವಸರದಲ್ಲಿ 45\2 ಎಂದು ಹೊಡೆಯುವವರು ಬಹಳ. ಪೋಸ್ಟ್‌ಗ್ರೆಸ್‌ನಲ್ಲಿ ಅದೇ ಎಸ್ಕೇಪ್ ಅಕ್ಷರ, ಅಂದರೆ ತನ್ನ ಮುಂದಿನ ಚಿಹ್ನೆಯನ್ನು ಬರೀ ಪಠ್ಯವಾಗಿಸುವ ಗುರುತು. ಆದ್ದರಿಂದ \ ಮಾಯವಾಗಿ ಹುಡುಕಾಟ 452 ಆಗುತ್ತದೆ, ಬೇರೆ ಯಾರದೋ ಜಮೀನು ಪರದೆಗೆ ಬರುತ್ತದೆ. 45\ ವರೆಗೆ ಹೊಡೆದು ನಿಂತರೆ ಇನ್ನೊಂದು ತೊಡಕು: ಕೊನೆಗೆ ನಾನೇ ಅಂಟಿಸಿದ % ತನ್ನ ಶಕ್ತಿ ಕಳೆದುಕೊಂಡು ಬರೀ ಶೇಕಡಾ ಚಿಹ್ನೆಯಾಗುತ್ತದೆ, ಪಟ್ಟಿ ಖಾಲಿ.

4. ಆದ್ದರಿಂದ ಎಸ್ಕೇಪ್ ಅಕ್ಷರವನ್ನು ನೀವೇ ಹೇಳಿ. ನಾನು ! ಆರಿಸಿಕೊಂಡೆ, ನಮ್ಮ ಸರಕಿನ ಹೆಸರಲ್ಲಿ ಅದು ಬರುವುದೇ ಇಲ್ಲ. ಇಂಗ್ಲಿಷ್ ಅಕ್ಷರವನ್ನಂತೂ ಆರಿಸಬೇಡಿ, ಅದು ಹೆಸರಿನಲ್ಲೇ ಇರುತ್ತದೆ.

5. ಕ್ರಮ ತಪ್ಪಬೇಡಿ. ಮೊದಲು ! ಅನ್ನು !! ಮಾಡಿ, ಆಮೇಲೆ % ಅನ್ನು !% ಮತ್ತು _ ಅನ್ನು !_ ಮಾಡಿ. ನಾನು ತಿರುಗುಮುರುಗು ಮಾಡಿದ್ದೆ. 50% ಮೊದಲು 50!% ಆಯಿತು, ಮರುಕ್ಷಣ 50!!% ಆಯಿತು. ಈಗ ಅದು 50ರ ಪಕ್ಕ ನಿಜವಾದ ! ಇರುವ ಸರಕನ್ನು ಹುಡುಕುತ್ತದೆ. ಒಂದು ಮಧ್ಯಾಹ್ನವಿಡೀ ಆ ಎರಡು ಚಿಹ್ನೆ ನನ್ನ ಕಣ್ಣಿಗೆ ಬೀಳಲಿಲ್ಲ.

6. ಕನ್ನಡಕ್ಕೆ ದೊಡ್ಡಕ್ಷರ, ಸಣ್ಣಕ್ಷರವಿಲ್ಲ. ಐಲೈಕ್‌ನಿಂದ ವಿಶೇಷ ಲಾಭವಿಲ್ಲ. ಆದರೆ _ ಎಂದರೆ ಒಂದು ಅಕ್ಷರವೆಂದು ನಂಬಬೇಡಿ. ನಮ್ಮ ಬಾಯಲ್ಲಿ ‘ತೀರ್ಥಹಳ್ಳಿ’ ನಾಲ್ಕಕ್ಷರ, ಯೂನಿಕೋಡ್‌ನಲ್ಲಿ 10 ಸಂಕೇತ. ‘ಸಾಗರ’ಕ್ಕೂ ಮೂರಲ್ಲ, ನಾಲ್ಕು.

ಹೊಸ ಸಂಘಕ್ಕೆ ತಂತ್ರಾಂಶ ಹಾಕುವ ಮೊದಲು ಈಗ ನಾಲ್ಕನ್ನು ಹೊಡೆದು ನೋಡುತ್ತೇನೆ: 50%, 45\2, 45\ ಮತ್ತು ಬರೀ ಒಂದು !