ಚೂಡಿ ಕಟ್ಟುವಾಗ

ಮಗಳೇ, ಮದುವೆಯಾದ ಮೇಲಿನ ನಿನ್ನ ಮೊದಲ ಶ್ರಾವಣ ಹತ್ತಿರ ಬಂತು. ಶುಕ್ರವಾರ, ಭಾನುವಾರ ತುಳಸಿಗೆ ಚೂಡಿ, ಅಂದರೆ ಗರಿಕೆ, ಎಲೆ, ಹೂಗಳ ಪುಟ್ಟ ಕಟ್ಟು, ಇಟ್ಟು ಪೂಜಿಸುವುದು ನಮ್ಮ ಕರಾವಳಿಯ ಕೊಂಕಣಿ ಮನೆಯಲ್ಲಿ ಹುಟ್ಟಿದ ನಿನಗೆ ಹೊಸತೇನಲ್ಲ. ಆದರೆ ಇಷ್ಟು ದಿನ ಅಮ್ಮ ಕಟ್ಟಿಕೊಟ್ಟದ್ದನ್ನು ಮುಡಿದುಕೊಂಡೆ, ಇನ್ನು ಕಟ್ಟುವವಳು ನೀನು. ಪೇಟೆಯಲ್ಲಿ ಕಟ್ಟಿದ ಚೂಡಿಯೇ ಸಿಗುತ್ತದೆ. ಅದನ್ನು ಕೊಳ್ಳಬಾರದು ಎನ್ನಲಾರೆ, ಮಾರುವ ಹೆಂಗಸರ ಹೊಟ್ಟೆಪಾಡೂ ಅದರಲ್ಲಿದೆ. ಆದರೂ ಈ ವರ್ಷದ್ದು ನಿನ್ನ ಕೈಯಿಂದಲೇ ಆಗಲಿ.

ಚೂಡಿಗೆ ಬೇಕಾದದ್ದು ಹೂವಿನಂಗಡಿಯ ಗುಲಾಬಿಯಲ್ಲ. ಮಳೆ ಹಿಡಿದ ಮೇಲೆ ಬೇಲಿ ಬದಿಯಲ್ಲಿ, ಬಾವಿಕಟ್ಟೆಯ ಸಂದಿನಲ್ಲಿ ತಾನಾಗಿ ಏಳುವ ಗರಿಕೆ, ಎಳೆ ಎಲೆ, ಹೆಸರು ಕೇಳಿದರೆ ಹೇಳಲಾಗದ ಪುಟ್ಟ ಕಳೆಗಿಡಗಳ ಕುಡಿ ಮತ್ತು ರತ್ನಗಂಧಿ, ಶಂಖಪುಷ್ಪ, ಮಿಠಾಯಿ ಹೂ. ಆದ್ದರಿಂದ ಚೂಡಿಯ ಅರ್ಧ ಕೆಲಸ ಕೊಯ್ಯುವುದರಲ್ಲೇ ಇದೆ. ಯಾವ ಗಿಡ ಎಲ್ಲಿದೆ ಎಂದು ಹಿಂದಿನ ದಿನವೇ ನೋಡಿಟ್ಟುಕೋ. ಕೊಯ್ದದ್ದನ್ನು ಒದ್ದೆ ಬಾಳೆಲೆಯಲ್ಲಿ ಸುತ್ತಿಡು.

ಇನ್ನು ಕಟ್ಟುವುದು. ಬಾಳೆಯ ಒಣಪಟ್ಟೆಯನ್ನು ನೀರಲ್ಲಿ ನೆನೆಸಿ ಉಗುರಿನಿಂದ ಸಣ್ಣಗೆ ಸೀಳು. ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಮೊದಲು ಗರಿಕೆ ಹಿಡಿ. ಅದು ಎಲ್ಲಕ್ಕಿಂತ ಹಿಂದೆ, ಎಲ್ಲಕ್ಕಿಂತ ಎತ್ತರಕ್ಕೆ. ಅದರ ಮುಂದೆ ಎಲೆಯ ಕುಡಿ, ಒಂದುಗುರಿನಷ್ಟು ಕೆಳಗೆ. ಆಮೇಲೆ ರತ್ನಗಂಧಿ, ಕೇಸರಗಳು ಮೇಲೆ ಚಾಚಿಕೊಂಡಿರಲಿ. ಶಂಖಪುಷ್ಪ ಅದರ ಕೆಳಗೆ, ಕೊನೆಗೆ ತೀರಾ ಮುಂದೆ ಮಿಠಾಯಿ ಹೂ. ಹಂಚು ಹೊದಿಸಿದ ಹಾಗೆ ಪ್ರತಿ ಸಾಲೂ ಹಿಂದಿನದರ ತೊಟ್ಟನ್ನು ಮುಚ್ಚಬೇಕು, ಮುಖವನ್ನಲ್ಲ. ನಡುನಡುವೆ ಒಂದೊಂದು ಎಲೆ ಕೊಡು. ಹೂವಿಗೆ ಹೂವೇ ಒತ್ತಿದರೆ ಬಣ್ಣವೂ ಕಾಣದು, ಎಸಳೂ ಜಜ್ಜಿಹೋಗುತ್ತದೆ.

ಎಲ್ಲ ಜೋಡಿಸಿ ಕೊನೆಗೆ ಒಂದೇ ಸಲ ಬಿಗಿಯಬೇಡ, ಹೊಸಬರ ಚೂಡಿ ಬಿಚ್ಚಿಹೋಗುವುದು ಇದರಿಂದಲೇ. ಎರಡು ಸಾಲಿಗೊಮ್ಮೆ ನಾರು ಒಂದು ಸುತ್ತು ಬರಲಿ. ಬಿಗಿಯುವಾಗ ನಾರನ್ನು ಗರಿಕೆಯ ಕಡೆಗೆ ಎಳೆ, ಅದು ತಡೆದುಕೊಳ್ಳುತ್ತದೆ. ತಲೆಕೆಳಗು ಹಿಡಿದು ಮೆಲ್ಲಗೆ ಕೊಡವಿ ನೋಡು, ಏನೂ ಜಾರದಿದ್ದರೆ ತುದಿ ಸಮ ಮಾಡಿ ಕತ್ತರಿಸು. ನಡುಬೆರಳಿಗಿಂತ ಉದ್ದ ಬೇಡ. ಪೂಜೆ ಮುಗಿದ ಮೇಲೆ ಅದು ಮುಡಿಯಲ್ಲಿ ಕೂರಬೇಕಲ್ಲ! ಈಚೆಗೆ ಕೆಲವರು ಹೂಗುಚ್ಛದಷ್ಟು ದಪ್ಪ ಕಟ್ಟಿ ಫೋಟೊ ಹಾಕುತ್ತಾರೆ, ನನಗದು ಸೇರುವುದಿಲ್ಲ.

ಬೆಂಗಳೂರಿನ ಫ್ಲ್ಯಾಟಿನಲ್ಲಿ ಇದೆಲ್ಲ ಎಲ್ಲಿಂದ ತರಲಿ ಎನ್ನುತ್ತೀ. ಪಾರ್ಕಿನ ಮಾಲಿಯನ್ನು ಕೇಳು, ಗರಿಕೆಯನ್ನು ಅವನು ಹೇಗೂ ಕಿತ್ತೆಸೆಯುತ್ತಾನೆ. ಮಿಠಾಯಿ ಹೂವಿನ ಗಿಡ, ಅದೇ ಲಂಟಾನ, ಕಾಡನ್ನೇ ನುಂಗುವ ಪರದೇಶದ ಪೊದೆ, ಎಷ್ಟು ಕೊಯ್ದರೂ ಪಾಪವಿಲ್ಲ, ಮುಳ್ಳಿನ ಎಚ್ಚರವಿದ್ದರಾಯಿತು. ಕಣಗಿಲೆ ಸೇರಿಸುವೆಯಾದರೆ ಅದರ ಹಾಲು ವಿಷ, ಮಕ್ಕಳ ಕೈಗೆ ಕೊಡಬೇಡ, ಕಟ್ಟಿದ ಮೇಲೆ ಕೈ ತೊಳೆ. ನಾರು ಸಿಗದಿದ್ದರೆ ಹತ್ತಿಯ ದಾರ ಆದೀತು. ರಬ್ಬರ್ ಬ್ಯಾಂಡ್ ಮಾತ್ರ ಬೇಡವೇ ಬೇಡ, ತುಳಸಿಯ ಬುಡದಲ್ಲಿ ಕೊಳೆಯದೆ ಉಳಿಯುವುದನ್ನು ದೇವರಿಗೆ ಏಕೆ ಇಡಬೇಕು?

ದೇವರಿಗೆ ಇಟ್ಟು, ಹೊಸ್ತಿಲಿಗೆ ಇಟ್ಟು, ಮನೆಯ ಹಿರಿಯರಿಗೆ ಕೊಟ್ಟು ಕಾಲಿಗೆ ಬೀಳು. ದೂರದಲ್ಲಿರುವ ಹಿರಿಯರಿಗೆ ಅಂಚೆಯಲ್ಲಿ ಕಳಿಸುವ ರೂಢಿಯನ್ನು ಬಿಡಬೇಡ. ಫೋನಿನಲ್ಲಿ ಚಿತ್ರ ಕಳಿಸಿದರೆ ಅವರು ನೋಡಿಯಾರು, ಕಣ್ಣಿಗೊತ್ತಿಕೊಳ್ಳುವುದಕ್ಕಾಗುವುದಿಲ್ಲ. ಅಂಚೆಯ ಚೂಡಿಯನ್ನು ಬೇರೆಯಾಗಿಯೇ ಕಟ್ಟಬೇಕು: ಗರಿಕೆ, ಎಲೆ ಹೆಚ್ಚು, ನೀರಿನಂಶದ ಹೂ ಕಡಿಮೆ. ಒಂದು ರಾತ್ರಿ ಗಾಳಿಗಿಟ್ಟು, ಕಾಗದದಲ್ಲಿ ಮಡಿಸಿ, ಅಕ್ಷತೆ ಕುಂಕುಮದ ಪೊಟ್ಟಣದ ಜೊತೆ ಲಕೋಟೆಗೆ ಹಾಕು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ತಲುಪುವ ಹೊತ್ತಿಗೆ ಬೂಸು ಹಿಡಿದಿರುತ್ತದೆ. ಮೊದಲ ಲಕೋಟೆ ನಿನ್ನ ಗಂಡನ ಅಜ್ಜಿಗೆ ಹೋಗಲಿ, ನನ್ನದು ಮುಂದಿನ ವಾರಕ್ಕಾದರೂ ಸಾಕು.