ಉದರನೃತ್ಯವೂ ಅಂಗಸಾಧನೆಯೂ

ಬೊಜ್ಜು ಕರಗಬೇಕೆಂಬುದು ಇಂದು ಅನೇಕರ ಬಯಕೆ. ದಿನದ ಬಹುಭಾಗವನ್ನು ಕುರ್ಚಿಯ ಮೇಲೆ ಕಳೆಯುವವರಲ್ಲಿ ಈ ಬಯಕೆ ಹುಟ್ಟುವುದು ಸಹಜವೇ ಆಗಿದೆ. ಅಂಥವರ ಮುಂದೆ ಈಗ ಒಂದು ಸಾಧನ ಬಂದು ನಿಂತಿದೆ: ಮನೆಯಲ್ಲಿಯೇ ವಿಡಿಯೋ ನೋಡುತ್ತ, ‘ಬೆಲಿ ಡಾನ್ಸ್’ ಎಂಬ ಉದರನೃತ್ಯದ ಚಲನೆಗಳನ್ನು ವ್ಯಾಯಾಮವಾಗಿ ಅಭ್ಯಾಸಮಾಡುವುದು. ಹೆಸರಿನಲ್ಲಿಯೇ ಹೊಟ್ಟೆಯನ್ನು ಹೊತ್ತಿರುವ ಈ ನೃತ್ಯವು ಹೊಟ್ಟೆಯ ಕೊಬ್ಬನ್ನು ನೇರವಾಗಿ ಕರಗಿಸಬಲ್ಲುದೆ? ಅದರಿಂದ ದೇಹಕ್ಕೆ ದೊರೆಯುವ ನಿಜವಾದ ಪ್ರಯೋಜನವೇನು? ಈ ಎರಡು ಪ್ರಶ್ನೆಗಳನ್ನು ನಾವು ಇಲ್ಲಿ ವಿಚಾರಮಾಡೋಣ.

ಮೊದಲು ಹೆಸರಿನ ಮಾತು. ಈ ನೃತ್ಯದ ತವರು ಈಜಿಪ್ಟ್ ಮೊದಲಾದ ಅರಬ್ಬೀ ನಾಡುಗಳು. ಅಲ್ಲಿನವರು ಇದನ್ನು ‘ರಕ್ಸ್ ಶರ್ಕಿ’, ಎಂದರೆ ಪೂರ್ವದೇಶದ ನೃತ್ಯ, ಎಂದು ಕರೆಯುತ್ತಾರೆ. ‘ಉದರನೃತ್ಯ’ವೆಂಬುದು ಫ್ರೆಂಚರು ಇಟ್ಟ ಹೆಸರಿನ ಅನುವಾದ. 1893ರಲ್ಲಿ ಚಿಕಾಗೋ ನಗರದಲ್ಲಿ ವಿಶ್ವಪ್ರದರ್ಶನ ನಡೆದಾಗ ಈ ನೃತ್ಯ ಅಮೆರಿಕದ ಜನರ ಕಣ್ಣಿಗೆ ಬಿದ್ದಿತು. ವಾಸ್ತವವಾಗಿ ಇಲ್ಲಿ ಕುಣಿಯುವುದು ಹೊಟ್ಟೆಗಿಂತ ಹೆಚ್ಚಾಗಿ ಸೊಂಟ. ಸೊಂಟವನ್ನು ಕುಣಿಸುವವು ಬಹುಮಟ್ಟಿಗೆ ಮೊಣಕಾಲುಗಳು.

ಈ ಮಾತನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಪಾದಗಳ ನಡುವೆ ಒಂದು ಗೇಣು ಅಂತರ ಬಿಟ್ಟು ಬರಿಗಾಲಿನಲ್ಲಿ ನಿಲ್ಲೋಣ. ಮೊಣಕಾಲುಗಳೆರಡೂ ತುಸು ಬಾಗಿರಲಿ. ಕೈಗಳನ್ನು ಸೊಂಟದ ಎಲುಬುಗಳ ಮೇಲಿರಿಸಿ, ಬಲ ಮೊಣಕಾಲನ್ನು ಮಾತ್ರ ನಿಧಾನವಾಗಿ ನೇರಮಾಡೋಣ. ಬಲಗೈಯ ಕೆಳಗಿನ ಎಲುಬು ಮೇಲಕ್ಕೇರುತ್ತದೆ. ಎಡದ್ದು ಅದಕ್ಕಿಂತ ಕೆಳಗುಳಿಯುತ್ತದೆ. ಎಡಗಾಲನ್ನು ನೇರಮಾಡಿ ಬಲಗಾಲನ್ನು ಬಾಗಿಸಿದರೆ ತಕ್ಕಡಿ ಮತ್ತೊಂದು ಕಡೆಗೆ ವಾಲುತ್ತದೆ. ಇದನ್ನೇ ಬಿರುಸಾಗಿ ಮಾಡಿದಾಗ ಕಾಣುವುದು ‘ಶಿಮ್ಮಿ’ ಎಂಬ ಸೊಂಟದ ಕಂಪನ. ಇಲ್ಲಿ ದುಡಿಯುವವು ಮುಖ್ಯವಾಗಿ ತೊಡೆಯ ಮುಂಭಾಗದ ದೊಡ್ಡ ಸ್ನಾಯುಗಳು.

ಹಾಗಾದರೆ ಹೊಟ್ಟೆಗೆ ಕೆಲಸವಿಲ್ಲವೆ? ಇದೆ. ಸೊಂಟ ಚಲಿಸುತ್ತಿರುವಾಗ ಎದೆ, ಹೆಗಲುಗಳು ಅಲುಗದಂತೆ ಹಿಡಿದಿಡಬೇಕು. ಈ ಹೊಣೆ ಮುಂಡದ ಸ್ನಾಯುಗಳದು. ಹೊಟ್ಟೆಯ ಮುಂದೆ ಮೇಲಿನಿಂದ ಕೆಳಕ್ಕೆ ಇಳಿದ ಪಟ್ಟಿಗಳು, ಪಕ್ಕಗಳಲ್ಲಿ ಓರೆಯಾಗಿ ಹಾದ ಪದರಗಳು, ಅವುಗಳ ಒಳಗೆ ನಡುಕಟ್ಟಿನಂತೆ ಅಡ್ಡಲಾಗಿ ಸುತ್ತಿದ ಇನ್ನೊಂದು ಪದರ, ಹಿಂದೆ ಬೆನ್ನುಮೂಳೆಯ ಉದ್ದಕ್ಕೂ ಹಬ್ಬಿದ ನೀಳವಾದ ಸ್ನಾಯುಗಳು—ಇವೆಲ್ಲ ಒಂದಕ್ಕೊಂದು ಹೊಂದಿ ದುಡಿಯುತ್ತವೆ. ಸೊಂಟವನ್ನು ಬೀಸುವ ಕಲ್ಲಿನಂತೆ ಸುತ್ತಿಸುವಾಗ ಇವು ಸರದಿಯಂತೆ ಬಿಗಿಯುತ್ತ ಸಡಿಲುತ್ತ ಹೋಗುತ್ತವೆ. ಕುಳಿತು ಕುಳಿತು ಜಡವಾದ ನಡುವಿಗೆ ಇದು ಒಳ್ಳೆಯ ಶಿಕ್ಷಣ.

ಆದರೆ ಸ್ನಾಯು ದುಡಿದ ಮಾತ್ರಕ್ಕೆ ಅದರ ಮೇಲಿನ ಕೊಬ್ಬು ಕರಗುವುದೆಂದು ತಿಳಿಯಬಾರದು. ದುಡಿಯುವ ಸ್ನಾಯು ತನ್ನ ನೆರೆಯ ಕಣಜವನ್ನೇ ಬರಿದುಮಾಡುವುದಿಲ್ಲ. ದೇಹದ ಬೇರೆ ಬೇರೆ ಕಡೆ ಸಂಚಿತವಾದ ಕೊಬ್ಬಿನಿಂದ ಬಿಡುಗಡೆಯಾದ ಆಮ್ಲಗಳು ರಕ್ತದ ಮೂಲಕ ಅದಕ್ಕೆ ಒದಗುತ್ತವೆ. 1971ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಟೆನಿಸ್ ಆಟಗಾರರ ಎರಡು ತೋಳುಗಳನ್ನೂ ಅಳೆದು ಹೋಲಿಸಿದರು. ಚೆಂಡನ್ನು ಹೊಡೆಯುವ ತೋಳಿನ ಸುತ್ತಳತೆ ಹೆಚ್ಚಾಗಿತ್ತು. ಆದರೆ ಅದರ ಚರ್ಮದಡಿಯ ಕೊಬ್ಬಿನ ಪದರ ಮತ್ತೊಂದು ತೋಳಿನದಕ್ಕಿಂತ ತೆಳುವಾಗಿರಲಿಲ್ಲ. ತೋಳಿಗೆ ಒಪ್ಪುವ ನ್ಯಾಯ ಹೊಟ್ಟೆಗೂ ಒಪ್ಪುತ್ತದೆ.

ಇನ್ನು ಲೆಕ್ಕವನ್ನೂ ನೋಡಿಬಿಡೋಣ. ಸುಮ್ಮನೆ ಕುಳಿತಾಗ ದೇಹವು ವ್ಯಯಮಾಡುವ ಶಕ್ತಿಯ ಸುಮಾರು 4.5 ಪಟ್ಟು ಈ ನೃತ್ಯಕ್ಕೆ ಬೇಕೆಂದು ಶರೀರವಿಜ್ಞಾನಿಗಳ ಕೋಷ್ಟಕ ಹೇಳುತ್ತದೆ. 60 ಕಿಲೋಗ್ರಾಂ ತೂಕದವರು ಅರ್ಧ ಗಂಟೆ ಕುಣಿದರೆ ಸುಮಾರು 135 ಕಿಲೊಕ್ಯಾಲೊರಿ ವೆಚ್ಚವಾಗುತ್ತದೆ. ಕುಳಿತಿದ್ದರೂ 30 ವೆಚ್ಚವಾಗುತ್ತಿತ್ತು. ಆದ್ದರಿಂದ ಹೆಚ್ಚುವರಿ ವ್ಯಯ 105 ಮಾತ್ರ. ಒಂದು ಕಿಲೋಗ್ರಾಂ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಅಡಗಿದೆ. ಊಟದಲ್ಲಿ ಬದಲಾವಣೆಯಿಲ್ಲದೆ ದಿನವೂ ಕುಣಿದರೂ ಅಷ್ಟನ್ನು ಕಳೆಯಲು, ಈ ಸ್ಥೂಲ ಲೆಕ್ಕದಂತೆ, 73 ದಿನಗಳು ಬೇಕು. ಕುಣಿದ ಉಲ್ಲಾಸದಲ್ಲಿ ಒಂದು ಲಡ್ಡು ಹೆಚ್ಚು ತಿಂದರೆ ಅಂದಿನ ಗಳಿಕೆ ಅಂದೇ ಸೋರಿಹೋಗುತ್ತದೆ.

ಹಾಗೆಂದು ವ್ಯಾಯಾಮವನ್ನು ಕೈಬಿಡಬೇಕೆ? ಎಂದಿಗೂ ಇಲ್ಲ. ತೂಕ ಇಳಿಯದಿದ್ದರೂ ನಿಯಮಿತ ವ್ಯಾಯಾಮದಿಂದ ಹೃದಯ ಬಲಗೊಳ್ಳುತ್ತದೆ. ರಕ್ತದ ಒತ್ತಡವೂ ಸಕ್ಕರೆಯೂ ಹತೋಟಿಗೆ ಬರಲು ನೆರವಾಗುತ್ತದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆಯಿತ್ತಿದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಕುಣಿದರೆ 150 ನಿಮಿಷಗಳಾದುವು. ಶ್ರಮ ಸಾಕಷ್ಟಾಯಿತೆ ಎಂಬುದನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ: ಕುಣಿಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು. ಸಲೀಸಾಗಿ ಹಾಡಲು ಬಂದರೆ ಗತಿ ನಿಧಾನವಾಯಿತೆಂದು ತಿಳಿಯಬೇಕು.

ಒಂದು ಎಚ್ಚರಿಕೆಯ ಮಾತು. ನಾವು ವಿಡಿಯೋವನ್ನು ನೋಡುತ್ತೇವೆ. ಅದು ನಮ್ಮನ್ನು ನೋಡುವುದಿಲ್ಲ. ಎದುರಿಗೆ ಗುರುವಿದ್ದರೆ ತಿದ್ದುತ್ತಿದ್ದ ತಪ್ಪುಗಳನ್ನು ಇಲ್ಲಿ ನಾವೇ ತಿದ್ದಿಕೊಳ್ಳಬೇಕು. ಆದ್ದರಿಂದ ಕನ್ನಡಿಯ ಮುಂದೆ ನಿಲ್ಲುವುದು ಮೇಲು. ನಡುವನ್ನು ಹಿಂದಕ್ಕೆ ಬಲವಾಗಿ ಬಗ್ಗಿಸಕೂಡದು, ಉಸಿರು ಕಟ್ಟಕೂಡದು, ಮೊದಲ ಐದು ನಿಮಿಷ ನಿಧಾನವಾಗಿ ಮೈ ಬಿಸಿಮಾಡಿಕೊಂಡು ಆಮೇಲೆ ವೇಗ ಹೆಚ್ಚಿಸಬೇಕು. ಸ್ನಾಯುಗಳ ಆಯಾಸ ಸಹಜ. ಚುಚ್ಚುವ ನೋವು, ಕಾಲಿಗಿಳಿಯುವ ಜೋಮು ಕಂಡರೆ ಕೂಡಲೆ ನಿಲ್ಲಿಸಬೇಕು. ಹೃದ್ರೋಗವಾಗಲಿ ಬೆನ್ನುನೋವಾಗಲಿ ಇರುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಆರಂಭಿಸಬಾರದು.

ಅಭ್ಯಾಸಕ್ಕೆ ತೊಡಗಿದವರು ಅಳತೆಪಟ್ಟಿಯಿಂದ ದಿನವೂ ಹೊಟ್ಟೆಯನ್ನು ಅಳೆಯುವುದನ್ನು ಬಿಟ್ಟು, ವಾರದಲ್ಲಿ ಎಷ್ಟು ನಿಮಿಷ ಕುಣಿದೆವೆಂಬುದನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಲಿ. ಮೆಟ್ಟಿಲೇರುವಾಗ ಮೊದಲಿನಷ್ಟು ಏದುಸಿರು ಬಾರದಿದ್ದರೆ ಶ್ರಮ ಫಲಿಸಿತೆಂದು ತಿಳಿಯಬಹುದು.